ಹದಿನಾಲ್ಕು ಮಾರು

ಬಲೆಯ ಶೆಡ್ಡಿಗೆ ಬಂದವನ ಕಾಲಲ್ಲಿ ಕೆಂಪು ಮಣ್ಣು,
ಮಲ್ಪೆಯ ಮರಳಲ್ಲ.
ಮುದ್ರಾಡಿಯ ತ್ಯಾಂಪಣ್ಣ.
'ಬೇಬಿಯಕ್ಕ, ಒಂದು ಹಗ್ಗ ಬೇಕಿತ್ತು,
ಮರ ಹತ್ತಲಿಕ್ಕೆ. ಹಂದಿಗೆ ಕಾದು ಕೂರಲಿಕ್ಕೆ.'

ನಾನು ಮರ ಹತ್ತಿದವಳಲ್ಲ.
ಮೂವತ್ತೊಂದು ವರ್ಷ ನೆಲದಲ್ಲೇ ಕೂತು
ಹೆಬ್ಬೆರಳಿಗೆ ಬಲೆಯ ಕಣ್ಣು ಸಿಕ್ಕಿಸಿ
ಏಡಿ ಹರಿದದ್ದನ್ನು, ಬಂಡೆ ಹರಿದದ್ದನ್ನು,
ಕೆಲವೊಮ್ಮೆ ಬರೇ ಸಿಟ್ಟು ಹರಿದದ್ದನ್ನು ಹೊಲಿದವಳು.

ಅವನ ಕೈ ಮೊದಲು ಹೋದದ್ದು ನೀಲಿಯ ಮೇಲೆ.
ಎಲ್ಲರದ್ದೂ ಹೋಗುತ್ತದೆ. ಅಗ್ಗ, ಹಗುರ, ಹೊಳಪು.
ಬೇಡ, ಎಂದೆ.
ನೀರಲ್ಲಿ ತೇಲುವ ಜಾತಿ ಅದು, ಉಜ್ಜಿದರೆ ಕರಗುತ್ತದೆ.
ವಿಂಚಿನ ಮೇಲೆ ಅದರ ಹೊಗೆ ನೋಡಿದ್ದೇನೆ,
ಸೀರೆಗೆ ಇಸ್ತ್ರಿ ಅಂಟಿದ ವಾಸನೆ.

ಬಿಳಿ ನೈಲಾನು ಗಟ್ಟಿಯೇ.
ಆದರೆ ಎಳೆದಷ್ಟೂ ಉದ್ದ, ಮದುವೆ ಮಾತುಕತೆಯ ಹಾಗೆ.
ಒದ್ದೆಯಾದರೆ ಕೇಳುವುದೇ ಬೇಡ.
ಕೊಂಬೆಯಲ್ಲಿ ಕೂತೆ ಅಂದುಕೊಂಡಿರುತ್ತೀ,
ನಿನ್ನ ಕಾಲು ಹಂದಿಯ ಮೂತಿಗೆ ಇಳಿದಿರುತ್ತದೆ.

ಅವನು ನಕ್ಕ. ನಾನು ನಗಲಿಲ್ಲ.
ನನ್ನ ಅಣ್ಣನ ಎರಡು ಬೆರಳು
ಹೀಗೆ ಯಾರೋ ನಕ್ಕು ಆರಿಸಿದ ಹಗ್ಗದಲ್ಲಿ ಹೋದವು.

ಆಳಕ್ಕೆ ಹೋಗುವ ಬೋಟಿನವರು ತರಿಸಿ,
ರೇಟು ಕೇಳಿ ಬಿಟ್ಟುಹೋದ ಪಾಲಿಯೆಸ್ಟರ್
ಅಟ್ಟದಲ್ಲಿತ್ತು, ಹನ್ನೆರಡು ಎಂ.ಎಂ., ಹೆಣೆದದ್ದು.
ಕಣ್ಣು ಮುಚ್ಚಿ ಇಡೀ ಸುರುಳಿ ಬೆರಳ ನಡುವೆ ಹಾಯಿಸಿದೆ.
ಗಂಟಲಲ್ಲಿ ಮುಳ್ಳು ಹುಡುಕುವ ಹಾಗೆ.
ಇರಲಿಲ್ಲ.

'ಕೊಕ್ಕೆ?' ಎಂದ.
ಶ್ಯಾಕಲ್ ಕೊಡಲಿಲ್ಲ. ಉಪ್ಪು ತಿಂದ ಕಬ್ಬಿಣ
ಹೊರಗೆ ಕಾಣುವುದಕ್ಕಿಂತ ಮುದುಕ.
ಮಂಗಳೂರಿಂದ ತರಿಸು, ಎಷ್ಟು ಭಾರ ತಾಳುತ್ತದೆ
ಎಂದು ಮೈಮೇಲೆ ಬರೆದಿರುವಂಥದ್ದು.

ಆಮೇಲೆ ಅವನೇ ಎಂಟು ಎಂ.ಎಂ. ತುಂಡು ಕೇಳಿ
ಕುಣಿಕೆ ಮಾಡಿ, ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತಿ
ತನ್ನೊಳಗಿಂದಲೇ ತನ್ನನ್ನು ಹೊರಗೆಳೆದ.
ಕಾರ್ಕಳದ ಬಂಡೆ ಹತ್ತುವ ಹುಡುಗರು ಕಲಿಸಿದ್ದಂತೆ,
ಪ್ರೂಸಿಕ್ಕು ಅಂತ ಹೆಸರಂತೆ.
ಭಾರ ಬಿದ್ದರೆ ಕಚ್ಚುತ್ತದೆ.
ಭಾರ ತೆಗೆದು ಮೆಲ್ಲಗೆ ದೂಡಿದರೆ ಜಾರುತ್ತದೆ.

ನಾನು ಕಲಿತ ಗಂಟುಗಳು ಹಿಡಿದರೆ ಹಿಡಿದವು.
ಬಿಡಬೇಕಾದರೆ ಕತ್ತಿ.

'ಕೋವಿ ಎಲ್ಲಿ?' ಕೇಳಿದೆ.
'ಓಟಿಗೆ ಅಂತ ಠಾಣೆಯಲ್ಲಿ ಇಟ್ಟದ್ದು, ಇನ್ನೂ ಬಂದಿಲ್ಲ.'
'ಮತ್ತೆ ಹತ್ತಿ ಏನು ಮಾಡುತ್ತೀ ಮಾರಾಯ?'
ಶೆಡ್ಡಿನ ಶೀಟು ನೋಡಿದ, ಅಲ್ಲಿ ಉತ್ತರ ಇದ್ದ ಹಾಗೆ.
'ಕಳೆದ ಸಲ ಕಿರಾಲ್‌ಬೋಗಿ ಮರದಲ್ಲಿ
ಇಪ್ಪತ್ತೆರಡು ರಾತ್ರಿ ಕೂತೆ. ಹೊಡೆದದ್ದು ಸೊನ್ನೆ.
ಆದರೆ ತಿಂದದ್ದಕ್ಕೆ ಒಂದು ಲೆಕ್ಕ ಬೇಡವಾ ಅಕ್ಕ?
ತೆನೆ ಬರುತ್ತಿದೆ.'

ಕೊಂಬೆಗೆ ಏಳು, ಇಳಿದು ಬರಲು ಏಳು.
ನನ್ನ ಮಾರು ಗಿಡ್ಡ. ಹದಿನೈದು ಎಳೆದು
ಹದಿನಾಲ್ಕಕ್ಕೆ ಬರೆದೆ.
ತುದಿಗಳನ್ನು ಮೇಣದ ಬತ್ತಿಗೆ ಹಿಡಿದು ಒತ್ತಿದೆ.
ಹೆಬ್ಬೆರಳು ಸ್ವಲ್ಪ ಸುಟ್ಟಿತು.
ನಲವತ್ತು ರೂಪಾಯಿ ಬಾಕಿ ಹೇಳಿ ಹೋದ.

ಸಂಜೆ ಹುಡುಗಿಯರೆಲ್ಲ ಬಸ್ಸಿಗೆ ಹೋದ ಮೇಲೆ
ಬಾಗಿಲಿಗೆ ಅಗುಳಿ ಹಾಕಿ
ಉಳಿದ ತುಂಡನ್ನು ತೊಲೆಗೆ ಕಟ್ಟಿದೆ.
ಮೂರು ಸುತ್ತು. ತನ್ನೊಳಗಿಂದಲೇ.
ಸೀರೆ ಎತ್ತಿ ಸಿಕ್ಕಿಸಿ ಕುಣಿಕೆಯಲ್ಲಿ ಕೂತೆ.

ಎಪ್ಪತ್ತೆರಡು ಕಿಲೋ. ಗಂಟು ಕಚ್ಚಿತು.
ಸುಣ್ಣದಲ್ಲಿ ಬರೆದ ಸೈಜು, ಸೀಸದ ಗುಂಡುಗಳ ಡಬ್ಬ,
ನಾನು ಕೂತು ಕೂತು ನುಣ್ಣಗಾದ ಸಿಮೆಂಟಿನ ವೃತ್ತ,
ಎಲ್ಲ ಒಂದು ಗೇಣು ಕೆಳಗೆ.
ಕಿಟಕಿಯ ಅಂಚಿನಾಚೆ ಬೋಟುಗಳ ಬರೇ ಕಂಬವಲ್ಲ,
ಮೈಯೂ ಕಂಡಿತು.

ಇಳಿಯುವುದು ಹೇಗೆಂದು ಕೇಳಿಟ್ಟುಕೊಂಡಿರಲಿಲ್ಲ.
ಸ್ವಲ್ಪ ಹೊತ್ತು ಹಾಗೇ ತಿರುಗಿದೆ,
ಕಂಬಕ್ಕೆ ಮುಖ, ಬಲೆಗೆ ಮುಖ, ಮತ್ತೆ ಕಂಬಕ್ಕೆ.
ಆಮೇಲೆ ಕಾಲ ತುದಿಯನ್ನು ನೆಲಕ್ಕೆ ಚಾಚಿದೆ.
ಬಿಟ್ಟಿತು,
ಏನೂ ಹಿಡಿದೇ ಇರಲಿಲ್ಲ ಎಂಬಂತೆ.

ಇನ್ನೊಮ್ಮೆ ಕೂತೆ.