ಸಹಜಸ್ಥಿತಿ: ಮುಚ್ಚಿದ್ದು

ಮಂಗಳವಾರ, ಗುರುವಾರ, ಸಂಜೆ ಏಳಕ್ಕೆ,
ದೆನಿಜ್ಲಿಯ ವೃತ್ತಿಶಾಲೆಯ ಎರಡನೇ ಮಹಡಿ.
ಮೀಸೆ ಮೂಡುತ್ತಿರುವ ಹುಡುಗರ ನಡುವೆ
ನಲವತ್ತಾರರ ನಾನು, ಹಾಜೆರ್,
ಟವೆಲ್ ಗಿರಣಿಯ ಬಣ್ಣದ ಕೋಣೆಯವಳು.
ಉಗುರಸಂದಿಯ ನೀಲಿ ಸೋಪಿಗೆ ಜಗ್ಗುವುದಿಲ್ಲ.

ಮಾಸ್ತರ ಬೆರ್ಕಂತ್, ನನ್ನ ಮಗನಿಗಿಂತ ಎರಡು ವರ್ಷಕ್ಕೆ ದೊಡ್ಡವ,
ಹಲಗೆಯ ಮೇಲೆ ಏಣಿ ಬರೆದ.
ಎಡಗಂಬದಿಂದ ಹೊರಟ ವಿದ್ಯುತ್ತು
ಬಲಗಂಬ ಮುಟ್ಟಬೇಕು;
ನಡುವೆ ಮೆಟ್ಟಿಲಿಗೊಂದು ಷರತ್ತು.
ಹತ್ತಲಿಕ್ಕಲ್ಲದ ಏಣಿಯನ್ನು
ನಾನು ಕಂಡದ್ದು ಅದೇ ಮೊದಲು.

ಬೂದು ಪೆಟ್ಟಿಗೆಗೆ ಮೂರೇ ಕೆಲಸವಂತೆ:
ನೋಡು, ಯೋಚಿಸು, ಮಾಡು.
ಮತ್ತೆ ನೋಡು. ಸೆಕೆಂಡಿಗೆ ನೂರು ಸಲ.
ಬೇಸರವಿಲ್ಲ, ಚಹಾ ಇಲ್ಲ.
ನನ್ನತ್ತೆಯೂ ಹೀಗೇ ಇದ್ದಳು,
ನಡುವಿನದೊಂದನ್ನು ಬಿಟ್ಟು.

ಗಾಳಿಯ ಸಿಲಿಂಡರ್ ಉಸ್ಸೆಂದು ಕೈ ಚಾಚಿತು,
ಉಸ್ಸೆಂದು ಮಡಚಿತು.
ಲೋಹ ಕಂಡರೆ ಮಿನುಗುವ ಕಣ್ಣೊಂದಿತ್ತು ಮೇಜಿನ ಮೇಲೆ.
ಉಂಗುರ ತೋರಿಸಿದೆ, ಮಿನುಗಿತು.
ಉಂಗುರ ಕಳಚಿ ಬರೀ ಬೆರಳು ತೋರಿಸಿದೆ.
ಸುಮ್ಮನಿತ್ತು.

ನಾಲ್ಕನೇ ವಾರ ಬಿಸಿನೀರು. ಗುರಿ ಅರವತ್ತು ಡಿಗ್ರಿ.
ಪಿ ಅಂದರೆ, ಈಗ ಎಷ್ಟು ತಪ್ಪಿದೆ.
ಐ ಅಂದರೆ, ಇಷ್ಟು ಹೊತ್ತು ಎಷ್ಟು ತಪ್ಪಿತು.
ಡಿ ಅಂದರೆ, ಹೀಗೇ ಬಿಟ್ಟರೆ ಎಷ್ಟು ತಪ್ಪೀತು.
ಹುಡುಗರು ಸೂತ್ರ ಬರೆದುಕೊಂಡರು.
ನಾನು ಪೆನ್ನು ಕೆಳಗಿಟ್ಟೆ.
ಇಪ್ಪತ್ತೆರಡು ವರ್ಷ ತೊಟ್ಟಿಯ ಹಬೆಗೆ ಅಂಗೈ ಒಡ್ಡಿ
ಮಾಡಿದ್ದು ಇದೇ ಲೆಕ್ಕ, ಹೆಸರು ತಿಳಿಯದೆ.
ಪರದೆಯ ಗೆರೆ ಅರವತ್ತೆಂಟಕ್ಕೆ ಜಿಗಿದು
ಐವತ್ತೈದಕ್ಕೆ ಬಿದ್ದು, ಮತ್ತೆ ಜಿಗಿದು
ಕುಡಿದವನಂತೆ ಓಲಾಡಿದಾಗ ಹೇಳಿದೆ:
"ಐ ಇಳಿಸು ಮಗೂ,
ಹಳೆಯದನ್ನು ಅಷ್ಟೊಂದು ಎಣಿಸಬಾರದು."
ಇಳಿಸಿದ. ಗೆರೆ ಮೆಲ್ಲಗೆ ಮಲಗಿತು.
ಆ ಸಂಜೆ ನನಗೆ ಸ್ವಲ್ಪ ಜಂಬವೂ ಬಂತು.

ಆರನೇ ವಾರ ಕೆಂಪು ಗುಂಡಿ.
"ಇದಕ್ಕೆ ಯಾವತ್ತೂ ಮುಚ್ಚಿದ ಸಂಪರ್ಕ," ಎಂದ ಬೆರ್ಕಂತ್.
"ಒತ್ತದಿರುವಾಗಲೂ ವಿದ್ಯುತ್ತು ಹರಿಯುತ್ತಿರಲಿ.
ಒತ್ತಿದರೆ ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ.
ಇಲಿ ತಂತಿ ಕಡಿದರೂ ನಿಲ್ಲುತ್ತದೆ.
ತೆರೆದ ಸಂಪರ್ಕಕ್ಕೆ ಕಟ್ಟಿದಿರೋ,
ತಂತಿ ಸತ್ತದ್ದು ಯಾರಿಗೂ ತಿಳಿಯುವುದಿಲ್ಲ,
ಒತ್ತುವ ದಿನದ ತನಕ."

ಒತ್ತುವ ದಿನ.

ಮುನೀರೆಯ ಮಣಿಕಟ್ಟಿಗೆ ಒದ್ದೆ ಬಟ್ಟೆಯ ಸುತ್ತು,
ಹಿಂಡುವ ಎರಡು ಉರುಳೆ,
ಗೋಡೆಯಲ್ಲಿ ಕೆಂಪು ಗುಂಡಿ, ಅದರ ಮೇಲೆ ನನ್ನ ಕೈ.
ಒತ್ತಿದೆ. ಮತ್ತೆ ಒತ್ತಿದೆ. ಮುಷ್ಟಿಯಿಂದ ಗುದ್ದಿದೆ.
ಉರುಳೆ ಉರುಳುತ್ತಲೇ ಇತ್ತು.
ತನಿಖೆಯ ಕಾಗದದಲ್ಲಿ ಒಂದು ಸಾಲು:
ಸಹೋದ್ಯೋಗಿ ಗಾಬರಿಯಲ್ಲಿ ಸರಿಯಾಗಿ ಒತ್ತಿಲ್ಲ.
ಅದಕ್ಕೆ ರುಜು ಹಾಕಿದವಳೂ ನಾನೇ.
ಹನ್ನೊಂದು ವರ್ಷ ಈ ಹೆಬ್ಬೆರಳನ್ನು
ಅಪರಾಧಿಯ ಹಾಗೆ ಕಾಯ್ದಿದ್ದೇನೆ.

ಪಾಠ ಮುಗಿಯಿತು, ಹುಡುಗರು ಚೀಲ ಏರಿಸಿದರು.
ನಾನು ಗುಂಡಿಗೆ ತಂತಿ ಕಟ್ಟಿದೆ, ಮುಚ್ಚಿದ ಸಂಪರ್ಕಕ್ಕೆ.
ಮೋಟರು ತಿರುಗಿತು. ಗುಂಡಿ ಮುಟ್ಟಲಿಲ್ಲ;
ತಂತಿಯನ್ನೇ ಕಿತ್ತೆ.
ನಿಂತಿತು.
ಮತ್ತೆ ಸಿಕ್ಕಿಸಿದೆ, ಮತ್ತೆ ಕಿತ್ತೆ.
ನಿಂತಿತು.
ಎಷ್ಟು ಸಲವೋ, ಪೆಟ್ಟಿಗೆಗೆ ಗೊತ್ತು.

"ಹಾಜೆರಕ್ಕಾ, ಕೊನೆಯ ಬಸ್ಸು ತಪ್ಪೀತು,"
ಬೀಗದ ಕೈ ಹಿಡಿದು ನಿಂತಿದ್ದ ಬೆರ್ಕಂತ್.
ತಪ್ಪಿದೆ, ತಪ್ಪಿತು, ತಪ್ಪೀತು.
ಗೇಣುದ್ದದ ತಂತಿಯೊಂದನ್ನು
ಕೇಳಿಯೇ ಕೈಚೀಲಕ್ಕೆ ಹಾಕಿಕೊಂಡೆ.
ಭಾನುವಾರ ಮುನೀರೆಯ ಮನೆಗೆ ಹೋಗಬೇಕು.
ಅವಳು ಎಡಗೈಯಲ್ಲೇ ಚಹಾ ಬಗ್ಗಿಸುತ್ತಾಳೆ,
ಒಂದು ಹನಿ ಚೆಲ್ಲದೆ.