ಮ ಮುಗಿದ ವಾರ

ಗ್ರಂಥಾಲಯದ ನೆಲಮಾಳಿಗೆಗೆ ಈಗ ಹೊಸ ಬೋರ್ಡು:
ಡಿಜಿಟಲ್ ಮಾನವಿಕ ಪ್ರಯೋಗಶಾಲೆ.
ಪಕ್ಕದಲ್ಲಿ ಹಳೆಯ ಬೋರ್ಡಿನ ಮೊಳೆತೂತು ಎರಡು,
ಬೈಂಡಿಂಗ್ ವಿಭಾಗವೆಂಬುದು ಗೋಡೆಯ ಮೇಲಿನ್ನೂ
ಬಿಳಿಚಿಕೊಂಡ ಒಂದು ಆಯತ.
ಅಂಟಿನ ವಾಸನೆ ಹೋಗಿಲ್ಲ. ಏ.ಸಿ. ಹಾಕಿದರೆ ಜೋರಾಗುತ್ತದೆ.

ಮಂಗಳವಾರ, ಗುರುವಾರ ತರಬೇತಿ.
ಇತಿಹಾಸದ ಹುಡುಗರು, ಕನ್ನಡ ವಿಭಾಗದ ನಾಲ್ವರು,
ಸಮಾಜಶಾಸ್ತ್ರದ ಶಾಹಿಸ್ತಾ. ಗುರಪ್ಪನಪಾಳ್ಯದಿಂದ ಹೊರಟು
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ
ಎಲ್ಲರಿಗಿಂತ ಮೊದಲು ಬಂದು ಕೂರುವವಳು.
ಹೈದರಾಬಾದಿನಲ್ಲಿ ಹತ್ತು ದಿನ ಕಲಿತು ಬಂದದ್ದನ್ನು
ನಾನು ಹೇಳಿಕೊಡುತ್ತೇನೆ:
ಪುಟವನ್ನು ಹೇಗೆ ಮಲಗಿಸಬೇಕು, ಬೆಳಕು ಯಾವ ಕಡೆಯಿಂದ,
ಚಿತ್ರ ಹೇಗೆ ಅಕ್ಷರವಾಗುತ್ತದೆ,
ಅಕ್ಷರ ಹೇಗೆ ಎಣಿಕೆಗೆ ಸಿಗುತ್ತದೆ.
ನನಗೇ ಅರ್ಥವಾಗದ ಕಡೆ
ಸ್ವಲ್ಪ ಬೇಗ ಬೇಗ ಹೇಳುತ್ತೇನೆ.

ಶಾಹಿಸ್ತಾಳ ಮೇಜಿಗೆ ಬಂದದ್ದು ‘ಲಾಳಿ’.
ಕಬ್ಬನ್‌ಪೇಟೆಯ ಮಗ್ಗದವರ ವಾರಪತ್ರಿಕೆ,
ಎಂಟು ಪುಟ, ನಲವತ್ತು ಪೈಸೆ,
ಮೂರು ವರ್ಷ ನಡೆದು ನಿಂತದ್ದು,
ಯಾರೋ ರದ್ದಿಗೆ ಹಾಕುವ ಹಿಂದಿನ ದಿನ ನಮಗೆ ಕೊಟ್ಟದ್ದು.
ಎಲ್ಲ ಸಂಚಿಕೆಯನ್ನೂ ಯಂತ್ರ ಸರಾಗ ಓದಿತು.
ಒಂದರಲ್ಲಿ ಮಾತ್ರ

ವುನೆ. ವುಗು. ವುಳೆ. ವುಗ್ಗ.

ನೂರಾ ಹನ್ನೊಂದು ಕೆಂಪು ಗುರುತು ಬಿದ್ದವು.
ಸ್ಕ್ಯಾನ್ ಮತ್ತೆ ಮಾಡಿದೆವು, ದೀಪ ಸರಿಸಿದೆವು,
ಇನ್ನಷ್ಟು ಪುಟ ಉಣಿಸಿ ಯಂತ್ರಕ್ಕೆ ಪಾಠ ಹೇಳಿದೆವು.
ಬಡಪೆಟ್ಟಿಗೆ ಬಗ್ಗಲಿಲ್ಲ: ವುನೆ, ವುಗು.

ಟೀ ಲೋಟ ಒಯ್ಯಲು ಬಂದ ಅಟೆಂಡರ್ ಗಂಗಹನುಮಯ್ಯ,
ಜೂನಿಗೆ ನಿವೃತ್ತಿ,
ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.
‘ಮಿಷಿನ್ನು ಸರಿಯಾಗೇ ಓದೈತಲ್ಲ ಮೇಡಂ,
ಅಲ್ಲಿರೋದೇ ಅದು.
ಆ ವಾರ ನಮ್ ಗೂಡಲ್ಲಿ ಮ ಮುಗ್ದೋಗಿತ್ತು.’

ನಾನಿಲ್ಲಿ ಸೇರಿ ಹನ್ನೊಂದು ವರ್ಷ.
ಅವರು ನನ್ನೆದುರು ಕುರ್ಚಿ ಎಳೆದು ಕೂತದ್ದು ಅದೇ ಮೊದಲು.

‘ಹದಿನೇಳರ ಹುಡುಗ ನಾನು, ಮೊಳೆ ಜೋಡ್ಸೋ ಕೆಲಸ.
ಮುಷ್ಕರ ಅಂತ ಪುಟಕ್ಕೆ ಇಪ್ಪತ್ತು ಕಡೆ.
ವ ಪಕ್ಕ ಕೊಂಬು ನಿಲ್ಸಿದ್ರೆ ಮ ಥರಾನೇ ಕಾಣ್ತದೆ,
ಯಾರ್ಗೂ ಗೊತ್ತಾಗಲ್ಲ.
ಮು ಬೇಕಂದ್ರೆ? ಒಂದ್ ವ ಗೆ ಎರಡ್ ಕೊಂಬು ಹೆಂಗ್ ಹಾಕೋದು?
ಅದಕ್ಕೇ ಇದ್ದಬದ್ದ ಮ ಎಲ್ಲ ಮುಷ್ಕರಕ್ಕೆ ಕೊಟ್ಬಿಟ್ಟು
ಮನೆ, ಮಗು, ಎಲ್ಲಾನೂ ವು ಅಲ್ಲೇ ಸುಧಾರ್ಸಿದ್ವಿ.’

ಸರ್ವರ್ ಗುಂಯ್ ಅನ್ನುತ್ತಿತ್ತು.
‘ಎಷ್ಟು ದಿನ ನಡೀತು ಅಂಕಲ್?’
‘ಎಪ್ಪತ್ತೆರಡು. ನಮ್ಮನೇಲೂ ಎರಡು ಮಗ್ಗ ಇದ್ವು.’
ಲೋಟಗಳನ್ನು ಒಂದರೊಳಗೊಂದು ಇಟ್ಟು ಎದ್ದರು.

ಈಗ ಆ ಸಂಚಿಕೆಯ ಪ್ರತಿ ಪದಕ್ಕೂ ಎರಡು ಅಂಕಣ.
ಅಚ್ಚಾದದ್ದು: ವುನೆ.
ಅಂದುಕೊಂಡದ್ದು: ಮನೆ.
ಕೆಂಪು ಗುರುತುಗಳನ್ನು ಅಳಿಸಲು
ಶಾಹಿಸ್ತಾಳಿಗೆ ಎರಡು ಸಂಜೆ ಹಿಡಿಯಿತು.
ಯಾವುದನ್ನೂ ತಪ್ಪು ಎಂದು ಕರೆಯಬಾರದೆಂದು
ಕೈಪಿಡಿಯಲ್ಲಿ ತಾನೇ ಒಂದು ಸಾಲು ಸೇರಿಸಿದಳು.

ಸಂಪಾದಕ, ಪ್ರಕಾಶಕ, ಮುದ್ರಕ:
ಕ್ಯಾಟಲಾಗಿನಲ್ಲಿ ಇವಿಷ್ಟಕ್ಕೇ ಜಾಗ.
ಮೊಳೆ ಜೋಡಿಸಿದವರು ಎಂಬ ಇನ್ನೊಂದು ಕಲಮಿಗೆ
ಮೇಲಿನವರಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.
ಸದ್ಯಕ್ಕೆ ಟಿಪ್ಪಣಿಯಲ್ಲಿ ತುರುಕೋಣವೆಂದು ಅವರನ್ನೇ ಕರೆದು
ಕೀಬೋರ್ಡು ಮುಂದಿಟ್ಟೆ.

ಒಂದೇ ಬೆರಳಲ್ಲಿ, ಗಂಗಹನು ತನಕ ಬಂದರು.
ಮ ಒತ್ತಿದ ಬೆರಳು ಎತ್ತುವುದನ್ನು ಮರೆತರು.
ಮಮಮಮಮಮಮಮಮ
ಪರದೆಯ ಅಂಚು ದಾಟಿ ಕೆಳಗಿನ ಸಾಲಿಗೂ ಇಳಿಯಿತು.
‘ಮುಗಿಯೋದೇ ಇಲ್ವಾ ಇದು?’

ಆಮೇಲೆ ಒಂದನ್ನು ಉಳಿಸಿ
ಮಿಕ್ಕದ್ದನ್ನು ಒಂದೊಂದಾಗಿ ತೆಗೆದರು,
ನಾಳೆಗೆ ಬೇಕಾದೀತೆಂದು
ಗೂಡಿಗೆ ವಾಪಸ್ಸು ಹಾಕುವವರ ಹಾಗೆ.