ಜಾಯಿಂಟು ಯಾವ ಕಡೆ

ಆಟೋ ಸೀಟು ಹೊಲಿಯುವವಳ ಹತ್ತಿರ
ಡ್ರಮ್ಮು ಯಾಕೆ ತಂದಿರಿ ಎಂದೆ.
ಜೆ.ಸಿ. ರಸ್ತೆ ಪೂರಾ ಸುತ್ತಿ ಬಂದೆ ಅಮ್ಮಣ್ಣಿ,
ಎಲ್ಲಾ ಹೊಸದು ತಗೋ ಅಂತಾರೆ, ಅಂದರು ಇನ್ನಾಸಪ್ಪ.
ಗೂಡ್ಸ್ ಗಾಡಿಯಿಂದ ಇಳಿದದ್ದು ನಾಲ್ಕು ಉರುಟು,
ಗೋಣಿಚೀಲದ ತುಂಬ ಸ್ಟ್ಯಾಂಡು, ಕೊಕ್ಕೆ, ನಟ್ಟು,
ಅಂಚು ಸೀಳಿದ ಒಂದು ಹಿತ್ತಾಳೆ ತಟ್ಟೆ.
ಅಂಗಡಿ ಹುಡುಗ ಅದರಲ್ಲಿ ಬನ್ನು ಇಡಲು ಹೋಗಿ
ಬೈಸಿಕೊಂಡ.

ಹೇರ್ ಡ್ರೈಯರಿನ ಬಿಸಿಗೆ ಮೇಲಿನ ಬಿಳಿ ಎದ್ದಿತು
ಹಾಲಿನ ಕೆನೆಯ ಹಾಗೆ.
ಪೀಠದ ಪಕ್ಕ ಮಿಣಮಿಣ ಬೇಡ ಅಂತ
ಪಾದ್ರಿಗಳು ಹಾಕಿಸಿದ್ದಂತೆ ಅದು.
ಬಿಳಿಯಡಿ ಕೆಂಪು ಮಿನುಗು:
ಶ್ರೀರಾಂಪುರದ ಗಣೇಶನ ಪೆಂಡಾಲು,
ಹನ್ನೊಂದು ಜನರ ವಾದ್ಯವೃಂದ, ಬೆಳಗಿನ ನಾಲ್ಕಕ್ಕೆ ಪುಳಿಯೋಗರೆ.
ಕೆಂಪಿನಡಿ ನೀಲಿ.

ನೀಲಿ ಅಂದರೆ ಬರೀ ಬಣ್ಣವಲ್ಲ,
ಚಿಪ್ಪಿನ ಒಳಮೈ;
ನಾನು ಈ ಕಡೆ ವಾಲಿದರೆ ಬೆಳಕು ಆ ಕಡೆ ಜಾರುತ್ತಿತ್ತು.
ಇನ್ನಾಸಪ್ಪ ಕನ್ನಡಕ ತೆಗೆದರು. ಒರೆಸಲಿಲ್ಲ,
ಸುಮ್ಮನೆ ಹಿಡಿದುಕೊಂಡರು.
ರೆಸಿಡೆನ್ಸಿ ರಸ್ತೆ ಕ್ಲಬ್ಬು, ಎಪ್ಪತ್ತೊಂದನೇ ಇಸವಿ,
ಶನಿವಾರಕ್ಕೆ ಹದಿನೆಂಟು ರೂಪಾಯಿ, ಒಂದು ಕಟ್ಲೆಟ್ಟು.
ಕಟ್ಲೆಟ್ಟು ಜೇಬಲ್ಲಿಟ್ಟು ಸೈಕಲ್ಲು ತುಳಿದರೆ
ಲಿಂಗರಾಜಪುರದ ತನಕ ನಾಯಿಗಳು ಜತೆಗೆ.

ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ಒಂದು ಚುನಾವಣೆ ಸಿಕ್ಕಿತು.
ಸದ್ದು ಗುಂಯ್ಗುಡದಿರಲೆಂದು ತುರುಕಿದ್ದ ಬ್ಯಾನರು ಬಟ್ಟೆ:
‘...ರವರಿಗೇ ನಿಮ್ಮ ಅಮೂಲ್ಯ’
ಯಾರಿಗೆ ಎಂಬುದನ್ನು ಇಲಿ ತಿಂದಿತ್ತು.
ಗೆದ್ದರಾ ಎಂದೆ.
ಠೇವಣಿ ಹೋಯ್ತು, ಬಟ್ಟೆ ಮಾತ್ರ ಗಟ್ಟಿ, ಅಂದರು.
ಮತ್ತೆ ಅದನ್ನೇ ಮಡಚಿ ಒಳಗಿಟ್ಟೆವು.

ಸೀಮೆಎಣ್ಣೆ ಡಬ್ಬಿಯಲ್ಲಿ ಮೂರು ರಾತ್ರಿ ನೆನೆದವು ಬೋಲ್ಟು.
ಒಂದಕ್ಕೆ ಮರೆ ಸವೆದಿತ್ತು; ಎಸ್.ಜೆ.ಪಿ. ರಸ್ತೆಯ ನೂರುಲ್ಲಾ
ಕಣ್ಣಳತೆಯಲ್ಲೇ ಹುಡುಕಿಕೊಟ್ಟ.
ಕಾಲಿನ ಡ್ರಮ್ಮು ಬೆರಳಗಲ ಸೊಟ್ಟಗಾಗಿತ್ತು,
ಆಟೋ ಟ್ಯೂಬು ಬಿಗಿದು ಮೂಲೆಗೆ ಕೂರಿಸಿದೆ.
ಆ ನೀಲಿ ಮಾತ್ರ ಊರಲ್ಲೇ ಇಲ್ಲ.
ಕೊನೆಗೆ ಚಿಕ್ಕಪೇಟೆಯ ಒಂದು ಗೋಡೌನಿನಲ್ಲಿ,
ಆರತಕ್ಷತೆ ಸಿಂಹಾಸನಕ್ಕೆ ಹೊದಿಸುವ ರೆಕ್ಸಿನ್,
ನವಿಲಿನದಲ್ಲ, ನವಿಲಿನ ನೆಂಟನ ಬಣ್ಣ.
ಇನ್ನಾಸಪ್ಪ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ
ಆಗಲಿ, ಇವರೂ ಮದುವೆ ಕಾಣಲಿ, ಅಂದರು.

ಸುತ್ತಳತೆ, ಮೇಲೆ ಒಂದು ಹೆಬ್ಬೆರಳು.
ಅಂಟು ಬಳಿದು ಒಣಗುವ ತನಕ ಮಾತಾಡಬಾರದು,
ಉಗುಳು ಹಾರುತ್ತದೆ.
ಸೀಟಿನ ಕೆಲಸದಲ್ಲಿ ಜಾಯಿಂಟು
ಕೂತವರ ಬೆನ್ನಡಿ ಹೋಗಬೇಕು,
ಕಂಡರೆ ಕೂಲಿ ಮುರಿಯುತ್ತಾರೆ.
ಇಲ್ಲಿ ಬೆನ್ನು ಯಾವುದು? ಉರುಟಿಗೆ ಹಿಂದೆ ಎಲ್ಲಿದೆ?

ನನ್ನ ಕಡೆ ಹಾಕಮ್ಮಣ್ಣಿ, ಅಂದರು.
ಹೊಳಪು ಜನಕ್ಕೆ.
ಐವತ್ತು ವರ್ಷ ನಾನು ನೋಡಿದ್ದು ಆ ಗೆರೆ ಒಂದನ್ನೇ.
ಹಾಡುವವನು ಕುಡಿದು ಪಲ್ಲವಿ ಮರೆತರೆ,
ಕರೆಂಟು ಹೋದರೆ,
ಒಂದು ಎಲ್ಲಿಂದ ಶುರು ಅಂತ ತೋಚದಿದ್ದರೆ
ಕಣ್ಣು ಅಲ್ಲಿಗೆ ಹೋಗ್ತಿತ್ತು.

ಹಾಗೇ ಹಾಕಿದೆ.
ನನ್ನ ಕೈಯ ಕೆಲಸದಲ್ಲಿ
ಮೊದಲ ಸಲ ಜಾಯಿಂಟು ನೇರ ಬರಲೆಂದು
ಉಸಿರು ಹಿಡಿದೆ.

ಬಿಗಿ ಮಾಡಿ, ಒಂದೇ ಒಂದು ಸಲ, ಕೋಲಿಲ್ಲದೆ,
ಬೆರಳ ಗೆಣ್ಣಿನಲ್ಲಿ ತಟ್ಟಿದರು.
ಎದುರು ಅಂಗಡಿಯವನು ತಿರುಗಿ ನೋಡಿದ.
ಅರ್ಧ ದುಡ್ಡು ಕೊಟ್ಟರು. ಉಳಿದದ್ದು ಡಿಸೆಂಬರಿಗೆ.

ಹಳೆ ನೀಲಿ ಅಂಗೈಯಗಲ ಉಳಿದಿತ್ತು,
ಎಸೆಯಲು ಮನಸ್ಸಾಗದೆ
ಮುಬಾರಕನ ಆಟೋದಲ್ಲಿ, ಡ್ರೈವರ್ ಸೀಟಿನ ಬೆನ್ನ ಹರಿದ ಕಡೆ
ತೇಪೆ ಹಾಕಿದೆ.
ಮೊನ್ನೆ ಬಂದು ಜಗಳ ಆಡಿದ:
ಸಿಗ್ನಲ್ಲಿನಲ್ಲಿ ಹಿಂದೆ ಕೂತವರು ಅದನ್ನೇ
ಉಗುರಲ್ಲಿ ಕೆರೀತಾರಕ್ಕಾ,
ಇನ್ನೊಂದು ಸುತ್ತು ಹೊಲಿ.